ಮೊಳಿಗೆ ತೂಗಿದ್ದ ಕರಡಿಗಿ

ಖರೇ ಆಗಿದ್ದು ಇಷ್ಟ. ಹೊತ್ತು ಇಳಿದಿತ್ತು, ಮಂದಿ ಕಾಯಾಕತ್ತಿದ್ರು, ಸತ್ತ ಮಗನ ಕೊಳ್ಳಾಗ ಲಿಂಗ ಇರಲಿಲ್ಲ, ನನ್ನ ಕೊಳ್ಳಾಗ ಇತ್ತು. ಬಿಚ್ಚಿ ಕೊಟ್ಟೆ. ಅದರಾಗ ತ್ಯಾಗನೂ ಇಲ್ಲ, ದೊಡ್ಡತನಾನೂ ಇಲ್ಲ.

ಓಣ್ಯಾಗ ಬ್ಯಾರೆ ನಮೂನಿ ಹೇಳತಾರ. ಸೋಮವಾರ ಭಜನಿಗೆ ಕೂಡೂ ಹೆಣ್ಣಮಕ್ಕಳು, ಹೊಸಬರು ಯಾರರ ಬಂದ್ರ ನನ್ನ ಕಡೆ ಕೈ ಮಾಡಿ, ತನ್ನ ಲಿಂಗಾನ ಮಗನ ಕೈಯಾಗ ಇಟ್ಟ ತಾಯಿ ಇವರ ನೋಡ್ರಿ ಅಂತಾರ. ಹೇಳೂ ಮುಂದ ಸೆರಗಿಲೆ ಕಣ್ಣ ಒರಸಕೋತಾರ. ಪ್ರತಿ ಸಲಾ ಏನರ ಹೊಸಾದ ಕೂಡಸತಾರ. ಈಗೀಗ, ಲಿಂಗ ಕೈಯಾಗ ಇಟ್ಟ ಕೂಡ್ಲೆ ಮಗನ ಮಾರಿ ನಕ್ಕಂಗ ಆತು ಅನ್ನೂದೂ ಸೇರೇತಿ. ಏನೂ ನಕ್ಕಿಲ್ಲ. ಹಿಂದಿನ ದಿನ ಸಂಜಿಕ ಸತ್ತ ಹೆಣ, ಅದು ಹ್ಯಾಂಗ ನಗತೈತಿ. ನಾ ಸಾಲಿ ಕಲ್ತದ್ದು ಮೂರನೇತ್ತೆ, ಅದನ್ನೂ ಅರ್ಧಕ್ಕ ಬಿಟ್ಟಾಕಿ. ಆದ್ರೂ ಇದನ್ನ ನಾನ ಬರದಿಡೂದು ಚಲೋ ಅನಸ್ತು. ಇಲ್ಲಂದ್ರ ನಾ ಸತ್ತ ಮ್ಯಾಲೆ ಇವರು ನನ್ನ ಶರಣಿ ಮಾಡಿ ಕುಂಡ್ರಸತಾರ.

ಗೊತ್ತಿಲ್ಲದವರಿಗೆ ಒಂದೀಟ ಹೇಳತೇನಿ. ನಮ್ಮೊಳಗ ಕೂಸು ಹುಟ್ಟಿದ ಮ್ಯಾಲೆ ಅಯ್ಯನವರು ಬಂದು ಲಿಂಗ ಕಟ್ಟತಾರ. ನೆಲ್ಲಿಕಾಯಿ ಗಾತ್ರದ್ದು, ಕರ್ರಗ ಇರತೈತಿ. ಅದು ಮೈಮ್ಯಾಲಿಂದ ಇಳೀಬಾರದು. ಮಲಗಿದ್ರೂ ಇರಬೇಕು, ಎದ್ದರೂ ಇರಬೇಕು. ದಿನಾ ಜಳಕಾ ಮಾಡಿ ಎಡಗೈಯಾಗ ಇಟಗೊಂಡು ಪೂಜಿ ಮಾಡಬೇಕು, ಆಮ್ಯಾಲೆ ತುತ್ತು. ಸತ್ತಾಗ ನಮ್ಮನ್ನ ಕುಂತಂಗ ಮಣ್ಣ ಮಾಡತಾರ, ಎಡಗೈಯಾಗ ಅದ ಲಿಂಗ ಇಡತಾರ. ಹುಟ್ಟಿದಾಗ ಬಂದದ್ದು ಕೂಡೆ ಹೋಗತೈತಿ. ಅದನ್ನ ಇಡೂ ಡಬ್ಬಿಗೆ ಕರಡಿಗಿ ಅಂತೀವಿ. ಇದ್ದವರು ಬೆಳ್ಳೀದ ಮಾಡಸತಾರ. ನಮ್ಮಪ್ಪಗ ಆ ತಾಕತ್ತ ಇರಲಿಲ್ಲ, ನಾ ಹುಟ್ಟಿದಾಗಿಂದ ಅರಿವ್ಯಾಗ ಸುತ್ತಿ ಕಟಗೊಂಡಾಕಿ. ಮಗನ ಲಗ್ನದಾಗ ಮಾತ್ರ ಅವಗ ಬೆಳ್ಳಿ ಕರಡಿಗಿ ಮಾಡಿಸಿದ್ದೆ.

ಮಗ ಒಬ್ಬನ. ಅವರಪ್ಪ ಲಗೂನ ಹೋದ, ನಾ ಖಾನಾವಳಿಗೆ ರೊಟ್ಟಿ ಬಡದು ಬೆಳಿಸಿದೆ. ದೊಡ್ಡಾವ ಆಗಿ ಹಳೇ ಹುಬ್ಬಳ್ಳ್ಯಾಗ, ಮನಿಯಿಂದ ಎರಡ ಓಣಿ ಆಚೆ, ಮೋಟರ್ ವೈಂಡಿಂಗ್ ಅಂಗಡಿ ಇಟ್ಟ. ಬೋರಿನ ಮೋಟರ್, ಹಿಟ್ಟಿನ ಗಿರಣಿ ಮೋಟರ್, ಮಿಕ್ಸರ್, ಫ್ಯಾನ್, ಸುಟ್ಟದ್ದು ಏನ ಬಂದ್ರೂ ಹಳೇ ತಂತಿ ಕಿತ್ತು ಹೊಸಾ ತಾಮ್ರದ ತಂತಿ ಸುತ್ತಿ ಕೊಡತಿದ್ದ. ಮೈಯೆಲ್ಲಾ ವಾರ್ನಿಶ್ ನಾತ. ಸಂಜಿಕ ಮನಿಗೆ ಬಂದು ಕೈಕಾಲ ತೊಳಕೊಂಡು ಪಡಸಾಲ್ಯಾಗ ಕುಂತಾಗ ನಾ ಮೊದಲ ನೋಡತಿದ್ದದ್ದು ಅವನ ಕೊಳ್ಳ. ಅಂಗಿ ಗುಂಡಿ ಸಂದ್ಯಾಗ ಕರಡಿಗಿ ಬೆಳ್ಳಗ ಕಾಣತಿತ್ತು. ನನಗ ಅಷ್ಟ ಸಾಕಾಗತಿತ್ತು.

ಒಂದ ದಿನ ಸಂಜಿಕ ಅಂಗಡ್ಯಾಗ ಎದಿ ಹಿಡಕೊಂಡು ಕುಂತನಂತ. ಬಾಜೂಕಿನ ವೆಲ್ಡಿಂಗ್ ಅಂಗಡಿ ಚಾಚಾ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದ. ಮುಟ್ಟೂದರಾಗ ಮುಗದಿತ್ತು. ಎದಿಯಾಗಿನ ನಾಳ ಕಟ್ಟಿತ್ತು ಅಂತ ಡಾಕ್ಟರ್ ಹೇಳಿದ್ರು. ಸೊಸಿ ಕೂಸಿನ ಬಗಲಾಗ ಎತಗೊಂಡು ನಿಂತಿದ್ಲು. ಮೊಮ್ಮಗಳು ಆವಾಗ ಇನ್ನೂ ಬಾಲವಾಡಿಗೂ ಹೋಗತಿದ್ದಿಲ್ಲ.

ಮರುದಿನ ಬೀಗರು ಬಿಜ್ಜರು ಎಲ್ಲಾ ಬಂದು ಮುಟ್ಟೂದರಾಗ ಮಧ್ಯಾಹ್ನ ಆತು. ಜಳಕಾ ಮಾಡಿಸಾಕ ಅಂಗಿ ತಗದ್ರು. ಕೊಳ್ಳ ಖಾಲಿ. ಎಲ್ಲಾರೂ ದವಾಖಾನ್ಯಾಗ ತಗದಿರಬೇಕು ಅಂದ್ರು. ಅವರು ಕೊಟ್ಟ ಪ್ಲಾಸ್ಟಿಕ್ ಚೀಲ ಸುರುವಿ ನೋಡಿದ್ರ ಗಡಿಯಾರ, ಉಂಗುರ, ಫೋನು. ಫೋನ್ ಮಾಡಿ ಕೇಳಿದ್ರ, ಇದ್ದದ್ದೆಲ್ಲಾ ಕೊಟ್ಟೇವಿ, ಕೊಳ್ಳಾಗ ಏನೂ ಇರಲಿಲ್ಲ ಅಂದ್ರು. ದೇವರ ಜಗಲಿ ನೋಡಿದ್ರು, ಟ್ರಂಕ್ ನೋಡಿದ್ರು, ಗಾದಿ ಝಾಡಿಸಿದ್ರು. ನನ್ನ ಮೈದುನ ಆಟೋದ ಸೀಟ್ ಎತ್ತಿ ನೋಡಿ ಬಂದ. ಅಂಗಡಿ ನೋಡಬೇಕು ಅನ್ನೂದು ಯಾರ ಬಾಯಾಗೂ ಬರಲಿಲ್ಲ. ಯಾಕ ಬರತೈತಿ? ಅಂಗಡ್ಯಾಗ ನೋಡೂನು ಅಂದ್ರ ಅಂವ ಲಿಂಗ ಬಿಚ್ಚಿಟ್ಟಿದ್ದ ಅಂದಂಗ ಆತು. ಸತ್ತಾವನ ಮುಂದ ಕುಂತು ಆಡೂ ಮಾತು ಅಲ್ಲ ಅದು. ಕಳಕೊಂಡಿದ್ದ ಅನಬಹುದು, ಕಳವಾತು ಅನಬಹುದು, ಬಿಚ್ಚಿದ್ದ ಅನ್ನಾಕ ಬರೂದಿಲ್ಲ.

ಸೊಸಿ ಗ್ವಾಡಿಗೆ ಆತಗೊಂಡು ನನ್ನ ಮಾರೀನ ನೋಡಾಕತ್ತಿದ್ಲು. ದುಃಖಕ್ಕ ಹಂಗ ನೋಡಾಕತ್ತಾಳ ಅನಕೊಂಡೆ.

ಅಯ್ಯನವರು ವಯಸ್ಸಾದವರು, ಮೆತ್ತನ್ನ ಮನಷಾ. ಮಠಕ್ಕ ಹೇಳಿ ಕಳಸ್ತೇನಿ, ಹೊಸಾ ಲಿಂಗ ತಂದು ಕ್ರಿಯಾ ಮಾಡಿ ಇಡೂನು, ತಾಸೊತ್ತು ತಡೀರಿ ಅಂದ್ರು. ತಾಸೊತ್ತು ಅಂದ್ರ ಕತ್ತಲಾಗತಿತ್ತು. ತೋಡಿದ ಕುಣಿ ಕಾಯಾಕತ್ತಿತ್ತು. ದೂರದ ಊರವರು ಬಸ್ಸಿನ ಯಾಳೆ ಮಾತಾಡಾಕ ಚಾಲೂ ಮಾಡಿದ್ರು. ನಾ ಕೊಳ್ಳಿಗೆ ಕೈ ಹಾಕಿ ದಾರ ಬಿಚ್ಚಿದೆ.

"ಇದನ್ನ ಇಡ್ರಿ. ಹೊಸಾದ ನನಗ ತಂದ ಕೊಡ್ರಿ. ನನಗೇನ ಅವಸರ ಐತಿ, ನಾ ಎಲ್ಲೂ ಹೊಂಟಿಲ್ಲ."

ಅಯ್ಯನವರು ಹಂಗ ಬರೂದಿಲ್ರಿ ಅವ್ವಾರ ಅಂದ್ರು. ಹಂಗ ಬರೂದಿಲ್ಲಂದ್ರ ಹ್ಯಾಂಗ ಬರತೈತಿ ಹೇಳ್ರಿ ಅಂದೆ. ಅವರು ಕೈ ಚಾಚಿದ್ರು. ನನ್ನ ಮೈಮ್ಯಾಲೆ ಹುಟ್ಟಾ ಇದ್ದದ್ದು, ನಮ್ಮವ್ವನ ಮಡಲಾಗ ನಾ ಇದ್ದಾಗ ಕಟ್ಟಿದ್ದು, ಮಗನ ಎಡಗೈಯಾಗ ಹೋಗಿ ಕುಂತಿತು. ಮ್ಯಾಲೆ ವಿಭೂತಿ, ಪತ್ರಿ, ಮಣ್ಣು. ಮುಗೀತು.

ಅವತ್ತ ರಾತ್ರಿ ಅಯ್ಯನವರು ಹೊಸಾ ಲಿಂಗ ತಂದು ಕಟ್ಟಿದ ಮ್ಯಾಲೆ ಒಂದ ಗುಟುಕು ನೀರ ಕುಡದೆ. ದಿನಾ ಮುಂಜಾನೆ ಅದನ್ನ ಅಂಗೈಯಾಗ ಇಟಗೊಂಡ್ರ, ಬ್ಯಾರೆಯವರ ಕೂಸಿನ ಎತಗೊಂಡಂಗ ಅನಸತಿತ್ತು. ಅಳೂದಿಲ್ಲ, ಕಾಡೂದಿಲ್ಲ, ಆದ್ರ ನಂದಲ್ಲ. ಭಜನಿ ಹೆಣ್ಣಮಕ್ಕಳು ಆವಾಗಿಂದ ನನ್ನ ಕತಿ ಕಟ್ಟಾಕ ಚಾಲೂ ಮಾಡಿದ್ರು. ನಾನೂ ಬ್ಯಾಡ ಅನ್ನಲಿಲ್ಲ. ಮಗ ಸತ್ತ ಮನ್ಯಾಗ ಮಂದಿ ಏನರ ಒಂದ ಮಾತಾಡಿಕೋತ ಬಂದು ಕುಂತ್ರ, ಅಷ್ಟ ಹೊತ್ತು ಮನಿ ಮನಿ ಇದ್ದಂಗ ಇರತೈತಿ.

ವರ್ಷ ಆಗಾಕ ಬಂತು. ಅಂಗಡಿ ಬಾಡಗಿ ಜಾಗಾದ್ದು, ಮಾಲಕರು ಬಾಳ ದಿನ ತಡದು ಆಮ್ಯಾಲೆ ಖಾಲಿ ಮಾಡಿ ಕೊಡ್ರಿ ಅಂದ್ರು. ಅಷ್ಟರಾಗ ಸೊಸಿಗೆ ಉಡಿಕಿನೂ ಗೊತ್ತಾಗಿತ್ತು. ಗಂಡ ಸತ್ತ ಹೆಣ್ಣಿಗೆ ಎರಡನೇ ಲಗ್ನ ಮಾಡೂದಕ್ಕ ನಮ್ಮೊಳಗ ಉಡಿಕಿ ಅಂತಾರ. ವರ ಧಾರವಾಡ ಸಪ್ತಾಪುರದಾಗ ಜೆರಾಕ್ಸ್ ಅಂಗಡಿ ಇಟ್ಟಾವ, ಹೆಂಡತಿ ತೀರಿಕೊಂಡಾವ, ಕೂಸಿನ ತನ್ನ ಕೂಸಿನಂಗ ನೋಡಕೋತೇನಿ ಅಂದಾವ. ಸೊಸಿ ಅಣ್ಣ ಬಂದು ಕೇಳಿದಾಗ ನಾ ಕೂಡ್ಲೆ ಹೂಂ ಅಂದೆ. ವಯಸ್ಸಿನ ಹೆಣ್ಣಮಗಳು ನನ್ನ ಮಾರಿ ನೋಡಿಕೋತ ಕುಂತು ಏನ ಮಾಡತಾಳ. ಮೊಮ್ಮಗಳು ತಾಯಿ ಕೂಡ ಇರಬೇಕು ಅಂತ ಅಂದಾಕಿನೂ ನಾನ. ಅಂದು ಅಡಗಿ ಮನಿಗೆ ಹೋಗಿ ಸುಮ್ಮಸುಮ್ಮನ ಡಬ್ಬಿ ಮುಚ್ಚಳ ತಗದು ಹಾಕಿಕೋತ ನಿಂತೆ.

ಅಂಗಡಿ ಖಾಲಿ ಮಾಡಾಕ ನಾನೂ ಸೊಸಿನೂ ಕೂಸಿನ ಕರಕೊಂಡ ಹೋದ್ವಿ. ಅವತ್ತಿಂದ ಕೀಲಿ ಚಾಚಾನ ಹಂತ್ಯಾಕ ಇತ್ತು. ಅಂವನ ಶೆಟರ್ ಎತ್ತಿ ಕೊಟ್ಟ. ಒಳಗ ಧೂಳು, ವಾರ್ನಿಶ್ ನಾತ, ಅರ್ಧಾ ಸುತ್ತಿದ ಒಂದ ಮೋಟರು. ತಂತಿ ಸುತ್ತೂ ಕೈಮಶೀನು ತಾಮ್ರದ ತಂತಿ ಹಿಡಕೊಂಡ ಹಂಗ ನಿಂತಿತ್ತು. ಕೂಸು ಹಳದಿ ಕಾಗದ ಸಿಕ್ತಂತ ಖುಷಿಲೆ ಕೆಳಗ ಕುಂತ್ಲು. ತಂತಿ ನಡುವ ಹಾಕೂ ದಪ್ಪ ಕಾಗದ ಅದು. ನಾ ಎಲ್ಲಿಂದ ಚಾಲೂ ಮಾಡಲಿ ಅಂತ ನೋಡಾಕತ್ತಿದ್ದೆ.

ಸೊಸಿ ಏನೂ ನೋಡಲಿಲ್ಲ. ಸೀದಾ ಹಿಂದಿನ ಗ್ವಾಡಿಗೆ ಹೋದ್ಲು. ಅಲ್ಲೆ ಮೊಳಿಗೆ ಅವನ ಖಾಕಿ ಅಂಗಿ ತೂಗಿತ್ತು. ಅಂಗಿ ತಗದು ಹೆಗಲ ಮ್ಯಾಲೆ ಹಾಕ್ಕೊಂಡ್ಲು. ಅದರ ಹಿಂದ ಅದ ಮೊಳಿಗೆ ಕರಡಿಗಿ ತೂಗಿತ್ತು. ಬೆಳ್ಳಿ ಕಪ್ಪಿಟ್ಟಿತ್ತು.

ಹುಡಕಿ ಸಿಕ್ಕಿದ್ರ ಬ್ಯಾರೆ. ಆಕಿ ಹುಡಕಲಿಲ್ಲ.

"ನಿನಗ ಗೊತ್ತಿತ್ತು" ಅಂದೆ.

"ಗೊತ್ತಿತ್ರಿ ಅತ್ತಿ."

ಸ್ಟೂಲಿನ ಮ್ಯಾಲೆ ಕುಂತೆ. ಆಕಿ ನಿಂತ ಹೇಳಿದ್ಲು. ಲಗ್ನಾಗಿ ಸ್ವಲ್ಪ ದಿನಕ್ಕ ಅಂವ ಒಂದ ಮೋಟರ್ ಮ್ಯಾಲೆ ಬಗ್ಗಿ ಕರೆಂಟ್ ಕೊಟ್ಟು ನೋಡೂ ಮುಂದ ಕರಡಿಗಿ ಜೋತು ತಂತಿಗೆ ಬಡೀತಂತ. ಒಗದಂಗ ಹಿಂದ ಬಿದ್ದನಂತ. ಎದಿ ಮ್ಯಾಲೆ ರೂಪಾಯಿಯಷ್ಟು ಸುಟ್ಟಿತ್ತು, ಈಕಿನ ಎಣ್ಣಿ ಹಚ್ಚಿದ್ಲು. ಅವತ್ತಿಂದ ಅಂಗಡಿಗೆ ಬಂದ ಕೂಡ್ಲೆ ಬಿಚ್ಚಿ ಮೊಳಿಗೆ ಹಾಕೂದು, ಸಂಜಿಕ ಕೈ ತೊಳಕೊಂಡು ಕಟಗೊಂಡ ಮನಿಗೆ ಬರೂದು. ಅವ್ವಗ ಹೇಳಬ್ಯಾಡ ಅಂದಿದ್ದನಂತ.

ಬಾಗಲದಾಗ ನಿಂತಿದ್ದ ಚಾಚಾ ನೆಲಾ ನೋಡಿಕೋತ, ಅದು ದಿನಾ ಅಲ್ಲೆ ಇರತಿತ್ರಿ ಅಮ್ಮಾ, ನನಗ ಯಾರೂ ಕೇಳಲಿಲ್ಲ, ಕೇಳಿದ್ರ ಆವಾಗ ಓಡಿಬಂದು ತಂದ ಕೊಡತಿದ್ದೆ ಅಂದ. ಖರೇನ. ಮಣ್ಣಿಗೆ ಅವನೂ ಬಂದಿದ್ದ, ಓಣಿ ತುದ್ಯಾಗ ನಿಂತಿದ್ದ. ಎದರಿನ ಚಾ ಅಂಗಡ್ಯಾವಗೂ ಗೊತ್ತಿತ್ತಂತ. ಇಡೀ ಅಂಗಡಿ ಓಣಿಗೆ ಗೊತ್ತಿದ್ದ ಮಾತು ಹೆತ್ತಾಕಿಗೊಬ್ಬಾಕಿಗೆ ಗೊತ್ತಿರಲಿಲ್ಲ. ಮಗ ಸತ್ತಾಗ ಇದ್ದದ್ದಕ್ಕಿಂತ ಒಬ್ಬಾಕಿನ ಆದೆ ನಾ, ಆ ಸ್ಟೂಲಿನ ಮ್ಯಾಲೆ. ನನಗ ಹೇಳಿದ್ರ ಬೈತಿದ್ದೆ, ಅದೇನ ಸುಳ್ಳಲ್ಲ. ಬೈದು ಮರುದಿನ ಒಂದ ಕಟ್ಟಿಗಿ ಡಬ್ಬಿ ತಂದ ಕೊಡತಿದ್ದೆ. ಕಟ್ಟಿಗ್ಯಾಗ ಕರೆಂಟ್ ಹಾಯೂದಿಲ್ಲ ಅನ್ನೂದು ನನಗೂ ಗೊತ್ತೈತಿ.

"ಅವತ್ತ ಮನಿ ತುಂಬ ಹುಡಕೂ ಮುಂದ ಬಾಯಿ ಯಾಕ ಬಿಡಲಿಲ್ಲ ನೀ?" ಅಂದೆ. "ನಾ ನಂದನ್ನ ಬಿಚ್ಚೂದನ್ನ ಕಣ್ಣ ಬಿಟಗೊಂಡ ನೋಡಿದಿ."

ಆಕಿ ಕೂಸಿನ ಕಡೆ ನೋಡಿದ್ಲು. ಕೂಸು ಕಾಗದದಾಗ ದೋಣಿ ಮಾಡಾಕತ್ತಿತ್ತು.

"ಹೇಳಿದ್ರ ಮಂದಿ ಏನ ಅಂತಿದ್ರು ಹೇಳ್ರಿ. ಲಿಂಗ ಬಿಚ್ಚಿದ್ದಕ್ಕ ಜೀವ ಹೋತು ಅಂತಿದ್ರು. ನಾಳೆ ಇಕಿ ಮುಂದೂ ಅದನ್ನ ಅಂತಿದ್ರು."

ಖರೇನ. ಅಂತಿದ್ರು. ಅದರಾಗ ಮೊದಲನೇದಾಕಿ ನಾನ ಇರತಿದ್ದೆನೋ ಏನೋ, ಯಾರಿಗ್ಗೊತ್ತು. ಆದ್ರೂ ಸಿಟ್ಟು ಇಳೀಲಿಲ್ಲ. ಉತ್ತರ ಇಲ್ಲದಾಗನ ಸಿಟ್ಟು ಜಾಸ್ತಿ ಬರತೈತಿ.

ಮನಿಗೆ ಬಂದ ಮ್ಯಾಲೆ ಮಾತ ಬಿಟ್ಟೆ. ಒಂದ ಒಲಿ ಮುಂದ ಇಬ್ರೂ, ಒಂದ ಪಡಸಾಲ್ಯಾಗ ಇಬ್ರೂ, ಮಾತೆಲ್ಲಾ ಕೂಸಿನ ಕೈಯಾಗ ಕೊಟ್ಟು ಕಳಸೂದು. ನಿಮ್ಮವ್ವಗ ಹೇಳು ಹಾಲ ಉಕ್ಕಾಕತ್ತಾವು ಅಂತ. ನಿಮ್ಮ ಆಯಿಗೆ ಹೇಳು ರೊಟ್ಟಿ ಆರಾಕತ್ತಾವು ಅಂತ. ಒಂದೆರಡ ದಿನ ಕೂಸಿಗೆ ಆಟ ಅನಸ್ತು, ಓಡಾಡಿ ಹೇಳಿದ್ಲು. ಆಮ್ಯಾಲೆ ನಡುವ ನಿಂತು ನಡಕ್ಕ ಕೈ ಇಟಗೊಂಡು, "ನೀವಿಬ್ರೂ ಇಲ್ಲೆ ಅದೀರಲ್ಲ, ನೀವ ಹೇಳಕೋರಿ, ನನಗ ಕೆಲಸ ಐತಿ" ಅಂದು ಹೊರಗ ಹೋದ್ಲು. ಸೊಸಿಗೆ ನಗು ಬಂತು. ನನಗೂ ಬಂತು, ನುಂಗಿದೆ.

ಅಯ್ಯನವರಿಗೆ ಸುದ್ದಿ ಹೇಳಿ ಏನ ಮಾಡಬೇಕ್ರಿ ಅಂತ ಕೇಳಿದೆ. ಅವರು, ಸತ್ತಾವನ ಲಿಂಗ ಮನ್ಯಾಗ ಇಟಗೋಬಾರದು, ಇನ್ನೊಬ್ರು ಧರಿಸಾಕಂತೂ ಬರೂದ ಇಲ್ಲ, ಹೊಳಿಗೆ ಬಿಡ್ರಿ ಅಂದ್ರು. ಕರಡಿಗಿ ಬೇಕಾದ್ರ ಇಟಗೋರಿ, ಅದು ಬರೇ ಬೆಳ್ಳಿ.

ಸೊಸಿಗೆ ಅದು ಕೇಳಿಸಿತ್ತು. ಆಕಿ ಅದನ್ನ ಲಿಂಗ ಸಮೇತ ಕೂಸಿಗೆ ಕೊಡ್ರಿ ಅಂತ ಕೇಳಬೇಕು ಅಂತ ಮಾಡಿದ್ಲು, ಬಾಯಿ ಬರವಲ್ತಾಗಿತ್ತು. ದಿನಾ ಕರಡಿಗಿ ಇಟ್ಟ ಜಗಲಿ ಹಂತ್ಯಾಕ ಬಂದು ನಿಂತು ಹೋಗತಿದ್ಲು. ನನಗೂ ಅದು ಬೇಕಾಗಿತ್ತು. ಕೂಸಿಗೆ ಅಪ್ಪನ ನೆನಪಿಗೆ ಏನರ ಇರಬೇಕು, ಅದೂ ಖರೇ. ಆದ್ರ ಇನ್ನೊಬ್ಬನ ಮನಿ ಜಗಲಿ ಮ್ಯಾಲೆ ಮೊದಲನೇ ಗಂಡನ ಲಿಂಗ ಹ್ಯಾಂಗ ಇಡತಾಳ ಈಕಿ? ಅವರು ಎಷ್ಟ ಚಲೋ ಮಂದಿ ಇದ್ರೂ ಒಂದ ದಿನ ಮಾತ ಬರತೈತಿ. ಇತ್ತಾಗ ಹೊಳಿಗೆ ಬಿಡಾಕ ನನ್ನ ಕೈ ಬರವಲ್ತು. ಮಗಂದು ಅಂತ ಮೈಗೆ ಹತ್ತಿದ್ದು ಇನ್ನೊಂದ ಉಳಿದಿಲ್ಲ. ಅಂಗಿ ತೊಳದ್ರ ನಾತ ಹೋಗತೈತಿ. ಫೋಟೋದಾಗ ಇರೂದು ಯಾರಿಗೋ ಮಾರಿ ಮಾಡಿ ತೋರಿಸಿದ್ದು. ಇದು ಅವನ ಅಂಗೈಯಾಗ ಕುಂತು ಕುಂತು ಸವದದ್ದು.

ಉಡಿಕಿ ಧಾರವಾಡದಾಗ ಒಂದ ಮಠದಾಗ ಇತ್ತು, ನಾಕ ಮಂದಿ ಮುಂದ. ಕರಕೊಂಡ ಹೋಗಾಕ ಮಧ್ಯಾಹ್ನ ಆಕಿ ಅಣ್ಣ ಗಾಡಿ ತಂದ. ಅತ್ತಿ ಅನ್ನೂ ಸಂಬಂಧ ಮುಗಿಯೂ ದಿನ, ನಾ ಹೋಗೂದು ಚಂದ ಅಲ್ಲ, ಹೋಗಲಿಲ್ಲ. ಆಕಿ ಸೀರಿ ಉಟಗೊಂಡು ತಯಾರಾಗಿ ನನ್ನ ಕಾಲಿಗೆ ಬಿದ್ದು ಎದ್ಲು. ನಾ ಜಗಲಿ ಮ್ಯಾಲಿಂದ ಕರಡಿಗಿ ತಗದೆ. ಹುಣಸಿಹಣ್ಣ ಹಚ್ಚಿ ತಿಕ್ಕಿ ಬೆಳ್ಳಗ ಮಾಡಿದ್ದೆ. ಒಳಗಿನ ಲಿಂಗ ಅದರ ಅರಿವಿ ಸಮೇತ ತಗದು ನನ್ನ ಕೈಯಾಗ ಇಟಗೊಂಡೆ, ಖಾಲಿ ಕರಡಿಗಿ ಕೂಸಿನ ಕೈಯಾಗ ಇಟ್ಟೆ.

"ಇದು ನಿಮ್ಮಪ್ಪಂದು. ಇದರಾಗ ಏನ ಇಟಗೋತಿ?"

"ಬಡಿಶೋಪ" ಅಂದ್ಲು ಕೂಸು.

"ಇಟಗೋ" ಅಂದೆ.

ಆಮ್ಯಾಲೆ ಸೊಸಿ ಕೈ ಹಿಡದು ಒಳಗ ಕರಕೊಂಡ ಹೋದೆ. ಅಷ್ಟ ದಿನದಾಗ ಆಕಿಗೆ ನಾ ಆಡಿದ ಮೊದಲನೇ ಮಾತು ಇದು.

"ನಂದು ಅವನ ಕೈಯಾಗ ಐತಿ. ಅವಂದು ನನ್ನ ಕೈಯಾಗ ಬರಬೇಕು. ನಾ ಸತ್ತಾಗ ಅಯ್ಯನವರು ಇದನ್ನ ತಗೀರಿ, ಹೊಸಾದ ಇಡೂನು ಅಂತಾರ. ಮೈದುನನ ಮಕ್ಕಳು ಹೂಂ ಅಂತಾರ. ನೀ ಬಂದು ಬ್ಯಾಡ ಅನಬೇಕು."

ಆಕಿ ತಲಿ ಬಗ್ಗಿಸಿದ್ಲು. "ಆ ಮನಿಯವರು ಕಳಸತಾರೋ ಇಲ್ಲೋ ಅತ್ತಿ. ಯಾವ ಮಾರಿ ಇಟಗೊಂಡ ಬರಲಿ?"

"ಕಳಸದಿದ್ರ ಫೋನ್ ಮಾಡಿ ಹೇಳು. ಅವತ್ತ ಮಂದಿ ಮುಂದ ಸುಮ್ಮನಿದ್ದಿ. ನಾ ಸತ್ತ ದಿನ ಸುಮ್ಮನಿರಬ್ಯಾಡ."

"ಹೇಳತೇನ್ರಿ."

"ಏನಂತ ಹೇಳತಿ?"

ಆಕಿ ಅಳಾಕ ಚಾಲೂ ಮಾಡಿದ್ಲು. ಅಳೂದಕ್ಕ ಟೈಮ್ ಇರಲಿಲ್ಲ, ಹೊರಗ ಗಾಡಿ ಹಾರ್ನ್ ಹಾಕಾಕತ್ತಿತ್ತು. ಮತ್ತ ಕೇಳಿದೆ.

"ಆಕಿ ಕೊಳ್ಳಾಗ ಇರೂದು ಆಕಿ ಮಗಂದು, ಅದನ್ನ ಇಡ್ರಿ ಅಂತೇನ್ರಿ."

"ಅಂವ ಯಾಕ ಬಿಚ್ಚಿಟ್ಟಿದ್ದ ಅಂತ ಕೇಳಿದ್ರ?"

"ಕರೆಂಟ್ ಹೊಡೀತಿತ್ತು, ಅದಕ್ಕ ಅಂತೇನ್ರಿ."

ಹೋಗು ಇನ್ನ ಅಂದೆ. ಹೋದ್ಲು. ಕೂಸು ಗಾಡ್ಯಾಗ ಕುಂತು ಕರಡಿಗಿ ಮುಚ್ಚಳ ತಗಿಯೂದು ಹಾಕೂದು ಮಾಡಾಕತ್ತಿತ್ತು, ನನ್ನ ಕಡೆ ನೋಡಲಿಲ್ಲ. ಅದ ಚಲೋ ಆತು. ಸಂಜಿಕ ಅಡಗಿ ಮಾಡೂದು ಬ್ಯಾಡ ಅನಸ್ತು. ಮುಂಜಾನಿ ರೊಟ್ಟಿ ಇದ್ದೂವು. ಯಾರ ಕೈಯಾಗ ಹೇಳಿ ಕಳಸಲಿ, ರೊಟ್ಟಿ ಆರಾಕತ್ತಾವು ಅಂತ. ಮನ್ಯಾಗ ಮಾತ ಬಿಡಾಕೂ ಒಬ್ಬರು ಬೇಕು.

ಈಗ ಇದನ್ನೆಲ್ಲಾ ನಾ ಬರದ್ರ, ಸೊಸಿ ಅಂಜಿದ ಮಾತ ಮಂದಿ ಆಡೂದಿಲ್ಲೇನು ಅಂತ ಕೇಳಬಹುದು. ಆಡಲಿ. ಅದಕ್ಕ ಬರದೇನಿ. ನನ್ನ ಮಗ ಲಿಂಗ ಬಿಚ್ಚಿದ್ದಕ್ಕ ಸತ್ತಿಲ್ಲ, ನಾಳ ಕಟ್ಟಿ ಸತ್ತ. ಬಿಚ್ಚಿದ್ದಕ್ಕ ಅಷ್ಟ ವರ್ಷ ಬದಕಿದ್ದ. ಮೊಮ್ಮಗಳು ದೊಡ್ಡಾಕಿ ಆಗಿ ಯಾರರ ಏನರ ಅಂದ್ರ, ನಮ್ಮ ಆಯಿ ಹಿಂಗ ಬರದಾಳ ಅಂತ ತೋರಸಲಿ.

ಮರುದಿನ ಮುಂಜಾನೆ ಎದ್ದು ಜಳಕಾ ಮಾಡಿ, ಕೊಳ್ಳಾಗಿಂದ ಅಯ್ಯನವರು ಕಟ್ಟಿದ ಲಿಂಗ ಬಿಚ್ಚಿದೆ. ಮಗಂದನ್ನ ಎಡಗೈಯಾಗ ಇಟಗೊಂಡು ನೀರ ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸಿದೆ. ಅದರ ಅರಿವಿಗೆ ಇನ್ನೂ ವಾರ್ನಿಶ್ ನಾತ ಇತ್ತು. ಅದ ಅರಿವ್ಯಾಗ ಸುತ್ತಿ ಕೊಳ್ಳಿಗೆ ಕಟಗೊಂಡು ಅಯ್ಯನವರ ಮನಿಗೆ ನಡದೆ. ಅವರು ಕಟ್ಟಿ ಮ್ಯಾಲೆ ಬಿಸಲಿಗೆ ಕುಂತಿದ್ರು. ಅವರು ಕೊಟ್ಟ ಲಿಂಗಾನ ಎರಡೂ ಕೈಲೆ ಅವರ ಮುಂದ ಹಿಡದೆ. ಅವರು ಅದನ್ನ ನೋಡಿದ್ರು, ಆಮ್ಯಾಲೆ ನನ್ನ ಕೊಳ್ಳ ನೋಡಿದ್ರು.

"ಹೊಳಿ ಬಾಳ ದೂರ ಐತ್ರಿ ಅಯ್ಯಾರ" ಅಂದೆ. "ನನಗ ಅಷ್ಟ ನಡಿಯಾಕ ಆಗೂದಿಲ್ಲ."

ಅವರು ಕೈ ಚಾಚಿ ತಗೊಂಡ್ರು. ಒಳಗಿಂದ ಅವರ ಮನಿಯವರು ಚಾ ತಂದ ಕೊಟ್ರು. ಕುಡದು, ಕಪ್ಪ ತೊಳದಿಟ್ಟು, ಮನಿಗೆ ಬಂದೆ.